ಹಸಿರು ನೆಟ್ಟಿನ ಕೆಳಗಿನ ಸೊಪ್ಪು

ಕೊರೋನಾ ಮುಗಿದ ಮೇಲಿನ ಎರಡನೇ ಬೇಸಿಗೆ. ಚಳ್ಳಕೆರೆಯಲ್ಲಿ ನನ್ನ ಚಾಕಿ ಕೇಂದ್ರಕ್ಕೆ ಆಗ ಹದಿನಾಲ್ಕು ವರ್ಷ, ನನಗೆ ನಲವತ್ತೈದು. ಚಾಕಿ ಅಂದರೆ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ರೇಷ್ಮೆ ಹುಳು ಮೊಟ್ಟೆಯಿಂದ ಹೊರಬಂದಾಗ ಇರುವೆಗಿಂತ ಚಿಕ್ಕದು. ಆ ಎಳೆಗೂಸನ್ನು ಎಲ್ಲ ರೈತರೂ ಸಾಕಲಾರರು. ಹಾಗಾಗಿ ನನ್ನಂಥವರು ಮೊದಲ ಎಂಟು ಹತ್ತು ದಿನ ಸಾಕಿ, ಎರಡನೇ ಜ್ವರ ದಾಟಿಸಿ, ಟ್ರೇಗಳಲ್ಲಿ ತುಂಬಿ ರೈತರ ಮನೆಗೆ ಕೊಡುತ್ತೇವೆ. ಜ್ವರ ಅಂದರೆ ಕಾಯಿಲೆಯಲ್ಲ. ಹುಳು ಮೇವು ಬಿಟ್ಟು, ತಲೆಯೆತ್ತಿ ಒಂದು ದಿನ ಸುಮ್ಮನಿದ್ದು ಚರ್ಮ ಕಳಚುತ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಒಂದು ಹುಳುವಿನ ಬದುಕಿನಲ್ಲಿ ನಾಲ್ಕು ಜ್ವರ. ಆಮೇಲೆ ಒಂದು ವಾರ ಬಕಾಸುರನ ಹಾಗೆ ಸೊಪ್ಪು ಮೇಯ್ದು ಗೂಡು ಕಟ್ಟುತ್ತದೆ.

ಸುತ್ತಲಿನವರು ನನ್ನನ್ನು ಹುಳದ ಮೇಡಂ ಎನ್ನುತ್ತಾರೆ. ಬೇಜಾರಿಲ್ಲ. ತಳಕು, ನನ್ನಿವಾಳ, ಸಿದ್ದಾಪುರ ಎಂದು ಎರಡು ತಾಲ್ಲೂಕು ಸ್ಕೂಟರಿನಲ್ಲಿ ಸುತ್ತಿದವಳು ನಾನು. ಈಗ ಹೇಳಲಿರುವ ಪ್ರಸಂಗದಲ್ಲಿ ಮೂಗು ಮುಚ್ಚಿಕೊಳ್ಳುವಂಥ ಮಾತು ಬರುತ್ತದೆ ಎಂದು ಕೆಲವರಿಗೆ ಅನ್ನಿಸಬಹುದು. ಅಂಥವರು ಇಲ್ಲೇ ಬಿಟ್ಟು ಹೋಗಬಹುದು. ನನಗೆ ಸಿಟ್ಟು ಬಂದಿದೆ, ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಅದರಲ್ಲಿ ಅರ್ಧ ನನ್ನ ಮೇಲೆಯೇ.

ಸಿದ್ದಾಪುರದಿಂದ ಫೋನ್ ಬಂದದ್ದು ಒಂದು ಬೆಳಿಗ್ಗೆ. ಮಾಡಿದವರು ಬಣ್ಣದ ತಿಪ್ಪಣ್ಣ. ಮೊಳಕಾಲ್ಮೂರಿನಲ್ಲಿ ಸೀರೆ ನೇಯುವವರಿಗೆ ರೇಷ್ಮೆ ನೂಲಿಗೆ ಬಣ್ಣ ಹಾಕಿಕೊಡುವುದು ಅವರ ಕಸುಬಾಗಿತ್ತು. ಮೊಣಕೈವರೆಗೂ ಉಗುರಿನ ಸಂದಿಯಲ್ಲೂ ಬಣ್ಣ ಕೂತುಬಿಟ್ಟ ಮನುಷ್ಯ. ಬಿಸಿ ಹಂಡೆಯ ಮುಂದೆ ನಿಲ್ಲಲು ಮೈ ಒಪ್ಪದಾದಾಗ ಊರಿಗೆ ಬಂದು ಮುಕ್ಕಾಲು ಎಕರೆಗೆ ಹಿಪ್ಪುನೇರಳೆ ಹಾಕಿದ್ದರು. ನಾಲ್ಕು ವರ್ಷದಿಂದ ಹುಳು ನನ್ನಿಂದಲೇ ಒಯ್ಯುತ್ತಿದ್ದರು. ಒಂದು ಬೆಳೆಯೂ ಕೆಟ್ಟಿರಲಿಲ್ಲ.

"ಮೇಡಮ್ಮ, ಹುಳ ಜೋತಾಡ್ತಾವೆ. ಮೇವು ಮುಟ್ತಿಲ್ಲ. ಒಂದ್ಸಲ ಬಂದು ನೋಡಮ್ಮ."

ನಾಲ್ಕನೇ ಜ್ವರ ಎದ್ದು ಐದನೇ ದಿನ. ಆ ಹೊತ್ತಿಗೆ ಹುಳು ಎಷ್ಟು ತಿನ್ನುತ್ತದೆಂದರೆ ಮನೆಯೊಳಗೆ ಸಣ್ಣ ಮಳೆ ಬಿದ್ದಂತೆ ಸದ್ದು ಕೇಳಬೇಕು. ನಾನು ಹೋದಾಗ ಹುಳುಮನೆಯಲ್ಲಿ ಸದ್ದೇ ಇರಲಿಲ್ಲ. ಹುಳಿತ ವಾಸನೆ. ತಟ್ಟೆಯ ಅಂಚಿನಲ್ಲಿ ಹುಳುಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಒಂದನ್ನು ಮುಟ್ಟಿದೆ, ನೀರು ತುಂಬಿದ ಬಲೂನಿನ ಹಾಗೆ ಮೆತ್ತಗೆ. ಹಿಕ್ಕೆ ಗಟ್ಟಿ ಕಾಳಿನಂತಿರಬೇಕಾದದ್ದು ಕೆಸರಾಗಿತ್ತು. ಸಪ್ಪೆ ರೋಗ. ಹುಳುವಿನ ಕರುಳಿಗೆ ಶಕ್ತಿ ಇಲ್ಲದಾಗ ಬರುವ ರೋಗ ಅದು.

ನಾನು ಬಾಯಿ ತೆರೆಯುವ ಮೊದಲೇ ತಿಪ್ಪಣ್ಣನ ಹೆಂಡತಿ ಓಬಮ್ಮ ತೀರ್ಪು ಕೊಟ್ಟಾಗಿತ್ತು. ರಾಯದುರ್ಗದ ಕಡೆಯ ಹೆಣ್ಣುಮಗಳು, ಸಿಟ್ಟು ಬಂದರೆ ಮಾತು ತೆಲುಗಿಗೆ ಜಾರುತ್ತದೆ.

"ಏಮಿ ನೋಡ್ತೀಯಮ್ಮ ಇನ್ನ! ನಮ್ಮ ಸೊಸೆನೇ ತಿಂದ್ಲು ಹುಳಾನ. ಹೊರಗಾದೋಳು ಹುಳದ ಮನೆಗೆ ಹೋಗ್ಯಾಳೆ. ಬಾಯಿಬಿಟ್ಟು ಅವಳೇ ಹೇಳ್ಯಾಳೆ, ಕೇಳು ಬೇಕಾರೆ."

ಸೊಸೆ ರೇಣುಕ ದನದ ಕೊಟ್ಟಿಗೆಯ ಹತ್ತಿರ ನಿಂತಿದ್ದಳು. ಇಪ್ಪತ್ತನಾಲ್ಕರ ಹುಡುಗಿ, ತವರು ನನ್ನಿವಾಳ. ಕಾಲ ಬಳಿ ಬಟ್ಟೆ ತುಂಬಿದ ಚೀಲ. ನಡೆದದ್ದು ಇಷ್ಟು. ಎರಡು ದಿನದ ಹಿಂದೆ ಮನೆಯವರೆಲ್ಲ ರಾಯದುರ್ಗಕ್ಕೆ ಮದುವೆಗೆ ಹೋಗಿದ್ದರು. ಅವಳು ಮುಟ್ಟಾಗಿದ್ದರಿಂದ ಮದುವೆಗೂ ಬೇಡ, ಮನೆಯೊಳಕ್ಕೂ ಬೇಡ ಎಂದು ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಉಳಿಸಿದ್ದರು. ಹುಳುವಿಗೆ ಸೊಪ್ಪು ಹಾಕಲು ಪಕ್ಕದ ಮನೆಯವಳಿಗೆ ಹೇಳಿಟ್ಟಿದ್ದರು. ಅವಳು ಬರಲೇ ಇಲ್ಲ. ರೇಣುಕ ಮಧ್ಯಾಹ್ನದವರೆಗೆ ಕಾದಳು. ಹುಳುಗಳು ಖಾಲಿ ತಟ್ಟೆಯಲ್ಲಿ ತಲೆಯೆತ್ತಿ ತಡಕಾಡುವುದನ್ನು ಕಿಟಕಿಯಿಂದ ನೋಡಿದಳು. ತಡೆಯಲಾರದೆ ಸ್ನಾನ ಮಾಡಿ, ಒಳಗೆ ಹೋಗಿ ಸೊಪ್ಪು ಹಾಕಿದಳು. ಸಂಜೆ ಮನೆಯವರು ಬಂದಾಗ ತಾನೇ ಹೇಳಿದಳು. ಸುಳ್ಳು ಹೇಳಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಹಸ್ಕೊಂಡಿದ್ವು ಮೇಡಂ. ಅದಕ್ಕೇ ಹಾಕ್ದೆ," ಎಂದಳು. ಅಷ್ಟೇ.

ಈಗ ನನ್ನ ಪಾಪ ಹೇಳಬೇಕು. ಹುಳು ಸತ್ತಾಗ ರೈತ ಮೊದಲು ಬೈಯುವುದು ಚಾಕಿಯವರನ್ನು. ನಿನ್ನ ಹುಳದಲ್ಲೇ ರೋಗ ಇತ್ತು ಎನ್ನುತ್ತಾರೆ. ಆ ಮಾತು ಒಂದು ಊರಿನಲ್ಲಿ ಎದ್ದರೆ ಹತ್ತು ಊರಿನಲ್ಲಿ ನನ್ನ ಟ್ರೇ ಮುಟ್ಟುವವರಿರುವುದಿಲ್ಲ. ಅವತ್ತು ಓಬಮ್ಮ ಸೊಸೆಯತ್ತ ಬೆರಳು ಮಾಡಿದ ಕ್ಷಣ ನನ್ನ ಎದೆ ಹಗುರಾಯಿತು. ಸದ್ಯ, ನನ್ನ ತಲೆಗೆ ಬರಲಿಲ್ಲ ಎಂದುಕೊಂಡೆ. ಮುಟ್ಟಿಗೂ ಸಪ್ಪೆ ರೋಗಕ್ಕೂ ಸಂಬಂಧವಿಲ್ಲ ಎಂದು ಹದಿನಾಲ್ಕು ವರ್ಷ ಕೆಲಸ ಮಾಡಿದ ನನಗೆ ಗೊತ್ತಿಲ್ಲವೇ? ಗೊತ್ತಿತ್ತು. ಆದರೂ ಸುಮ್ಮನಿದ್ದೆ. ಸತ್ತ ಹುಳು ಆರಿಸಿ ಹೂಳಿ, ಸುಣ್ಣ ಉದುರಿಸಿ ಎಂದು ಹೇಳಿ, ಕಾಫಿ ಕುಡಿದು, ಸ್ಕೂಟರ್ ಹತ್ತಿದೆ. ತೋಟದ ಕಡೆ ತಲೆ ಕೂಡ ಹಾಕಲಿಲ್ಲ. ಹುಳು ಸತ್ತ ಮನೆಗೆ ಹೋದರೆ ಮೊದಲು ತೋಟ ನೋಡು ಎನ್ನುವುದು ಈ ಕಸುಬಿನ ಮೊದಲ ಪಾಠ. ನನ್ನ ಕೆಲಸದ ಹುಡುಗಿಯರಿಗೆ ನಾನೇ ಕಲಿಸುತ್ತೇನೆ. ಅವತ್ತು ನೋಡಲಿಲ್ಲ, ಏಕೆಂದರೆ ನನಗೆ ಬೇಕಾದ ಉತ್ತರ ಆಗಲೇ ಸಿಕ್ಕಿತ್ತು.

ಸಂಜೆ ಬಸ್ಸಿಗೆ ರೇಣುಕಳನ್ನು ತವರಿಗೆ ಕಳಿಸಿದರಂತೆ. ಗಂಡ ಮಂಜ ಬಸ್ ಸ್ಟಾಪಿನವರೆಗೆ ಚೀಲ ಹಿಡಿದುಕೊಂಡು ಹೋದನಂತೆ, ತಾಯಿಗೆ ಎದುರಾಡದ ಗಂಡಸು. "ಹುಳ ತಿಂದ ಸೊಸೆ ನಮಗೆ ಬ್ಯಾಡ, ಅವಳ ಕಾಲ್ಗುಣ ಈ ಮನೆಗೆ ಆಗಿ ಬರಲ್ಲ" ಎಂದು ಓಬಮ್ಮ ಬೀದಿಯಲ್ಲಿ ನಿಂತು ಹೇಳಿದ್ದು ಎರಡೇ ದಿನದಲ್ಲಿ ತಳಕಿನ ಅಂಗಡಿಗಳವರೆಗೂ ಬಂದಿತ್ತು.

ಮೂರನೇ ದಿನ ನನಗೆ ನನ್ನಿವಾಳದಲ್ಲಿ ಟ್ರೇ ಕೊಡುವ ಕೆಲಸವಿತ್ತು. ಕೊಟ್ಟು ತಿರುಗುವಾಗ ನೀರಿನ ಟ್ಯಾಂಕಿನ ಹತ್ತಿರ ರೇಣುಕ ಬಿಂದಿಗೆ ಹಿಡಿದು ನಿಂತಿದ್ದಳು. ನನ್ನನ್ನು ನೋಡಿ ಮುಖ ತಿರುಗಿಸಲಿಲ್ಲ. ಬಿಂದಿಗೆ ಕೆಳಗಿಟ್ಟು ನೇರವಾಗಿ ಸ್ಕೂಟರಿನ ಮುಂದೆ ಬಂದಳು.

"ಒಂದು ಮಾತು ಕೇಳ್ಲಾ ಮೇಡಂ? ನಿಮ್ಮ ಚಾಕಿ ಮನೇಲಿ ನಿಮಗೆ ಆ ದಿನ ಬಂದ್ರೆ ರಜಾ ಹಾಕ್ತೀರಾ?"

ಇಲ್ಲ, ಹಾಕುವುದಿಲ್ಲ. ಎಳೆ ಹುಳುವಿಗೆ ಎರಡು ಹೊತ್ತು ಮೇವು ತಪ್ಪುವಂತಿಲ್ಲ. ಚಾಕಿ ಮನೆ ಶುರು ಮಾಡಿದ ದಿನ ನಮ್ಮವ್ವ ಕಿವಿಯಲ್ಲಿ ಹೇಳಿದ್ದಳು: "ಆ ದಿನಾನೂ ಕೆಲ್ಸ ಮಾಡು, ಆದ್ರೆ ಯಾರ್ಗೂ ಹೇಳ್ಬ್ಯಾಡ." ಹದಿನಾಲ್ಕು ವರ್ಷ ಹೇಳಿರಲಿಲ್ಲ. ನನ್ನ ಇಬ್ಬರು ಕೆಲಸದವರೂ ಹೇಳಿರಲಿಲ್ಲ. ಎರಡು ತಾಲ್ಲೂಕಿನ ಹುಳುಗಳು ನಮ್ಮ ಮೂವರ ಆ ದಿನಗಳಲ್ಲೇ ಬೆಳೆದು, ಗೂಡು ಕಟ್ಟಿ, ನೂಲಾಗಿ, ಮದುವೆ ಸೀರೆಯಾಗಿ ಎಷ್ಟೋ ದೇವರ ಕೋಣೆಗೆ ಹೋಗಿದ್ದವು.

"ಇಲ್ಲ," ಎಂದೆ.

"ಹಂಗಂತ ಅವತ್ತು ನಮ್ಮತ್ತೆಗೆ ಯಾಕೆ ಹೇಳ್ಲಿಲ್ಲ?"

ಅವಳು ನನ್ನ ಉತ್ತರಕ್ಕೆ ಕಾಯಲಿಲ್ಲ. ಮನೆಗೆ ಹೋಗಿ ಒಂದು ನೋಟ್‌ಬುಕ್ ತಂದು ಕೊಟ್ಟಳು. ಪಿಯುಸಿ ಸೈನ್ಸ್ ಓದಿದ ಹುಡುಗಿ. ಹುಳು ಮನೆಗೆ ಬಂದ ದಿನದಿಂದ ಎಷ್ಟು ಹೊತ್ತಿಗೆ ಸೊಪ್ಪು ಹಾಕಿದ್ದು, ಜ್ವರಕ್ಕೆ ಕೂತದ್ದು, ಎದ್ದದ್ದು, ಹಿಕ್ಕೆ ಹೇಗಿದೆ ಎಂದು ದಿನಾ ಬರೆದಿದ್ದಳು. ನಾಲ್ಕನೇ ಜ್ವರಕ್ಕೆ ಮೊದಲೇ ಒಂದು ಕಡೆ "ಹಿಕ್ಕೆ ಮೆತ್ತಗೆ" ಎಂದಿತ್ತು. ಜ್ವರ ಎದ್ದ ಮೊದಲ ದಿನ "ಹಿಕ್ಕೆ ನೀರು ನೀರು, ಕೆಲವು ಹುಳ ಸಣ್ಣ" ಎಂದಿತ್ತು. ಅವಳು ಮುಟ್ಟಾದದ್ದು ಮರುದಿನ. ಒಳಗೆ ಹೋಗಿ ಸೊಪ್ಪು ಹಾಕಿದ್ದು ಅದರ ಮರುದಿನ. ಅಂದರೆ ಅವಳು ಹೊಸ್ತಿಲು ದಾಟುವ ಹೊತ್ತಿಗೆ ಹುಳುಗಳಿಗೆ ಆಗಲೇ ರೋಗ ಹತ್ತಿತ್ತು.

"ಇದನ್ನ ಮನೇಲಿ ತೋರಿಸಲಿಲ್ವಾ?"

"ಯಾರು ಕೇಳಿದ್ರು?" ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, "ಸೊಪ್ಪು ನೋಡಿ ಮೇಡಂ. ಮಾವ ತೋಟದ ಮೇಲೆ ನೆಟ್ ಕಟ್ಟಿಸಿದಾಗಿಂದ ಸೊಪ್ಪು ಬೇರೆ ಥರ ಐತೆ. ಹೇಳಿದ್ರೆ ಬಣ್ಣದ ಬಗ್ಗೆ ನಂಗೆ ಹೇಳ್ಕೊಡ್ತೀಯಾ ಅಂತಾರೆ."

ನೆಟ್ ಎಂಬ ಪದ ಕೇಳಿದ ಕೂಡಲೇ ಎಲ್ಲ ಕೂಡಿಕೊಂಡಿತು. ಅದೇ ಬ್ಯಾಚಿನ ಹುಳು ಒಯ್ದಿದ್ದ ತಳಕಿನ ರೈತರಿಗೆ ಫೋನ್ ಹಚ್ಚಿದೆ. "ನಮ್ದು ಬಲಿತು ಹಣ್ಣಾಗಿ ಗೂಡಿಗೆ ಹತ್ತಿದಾವೆ, ಚೆಂದ ಐತೆ ಬೆಳೆ" ಎಂದರು. ಅಂದರೆ ನನ್ನ ಹುಳು ಸರಿ ಇತ್ತು, ರೇಣುಕಳ ಕೈಯೂ ಸರಿ ಇತ್ತು. ಉಳಿದದ್ದು ಸೊಪ್ಪು. ಮಧ್ಯಾಹ್ನವೇ ಸಿದ್ದಾಪುರಕ್ಕೆ ತಿರುಗಿದೆ. ದಾರಿಯಲ್ಲಿ ಮೆಡಿಕಲ್ ಶಾಪಿನಿಂದ ಟಿಂಚರ್ ಅಯೋಡಿನ್ ಮತ್ತು ಸರ್ಜಿಕಲ್ ಸ್ಪಿರಿಟ್ ಕೊಂಡೆ. ಅಂಗಡಿಯವನು "ಯಾರಿಗೆ ಗಾಯ ಮೇಡಂ" ಎಂದ. "ಎಲೆಗೆ" ಎಂದೆ.

ತಿಪ್ಪಣ್ಣನ ತೋಟ ಅಶೋಕನ ಶಾಸನದ ಗುಡ್ಡದ ಕಡೆಗಿದೆ. ಬೇಸಿಗೆಯಲ್ಲಿ ಅಲ್ಲಿಯ ಬಂಡೆಗಳು ಕಾದು, ಬಿಸಿಲು ಮೇಲಿನಿಂದಲೂ ಪಕ್ಕದಿಂದಲೂ ಹೊಡೆಯುತ್ತದೆ. ಸೊಪ್ಪು ಬಾಡುತ್ತದೆ ಎಂದು ತಿಪ್ಪಣ್ಣ ಹೊಸ ಚಿಗುರಿಗಾಗಿ ಗಿಡದ ಹಳೆ ಕಡ್ಡಿ ಕತ್ತರಿಸಿದ ವಾರವೇ ತೋಟದ ಮೇಲೆ ಶೇಡ್ ನೆಟ್ ಕಟ್ಟಿಸಿದ್ದರು. ಅದೂ ಎಪ್ಪತ್ತೈದು ಪರ್ಸೆಂಟಿನದು, ಅಂದರೆ ಬೀಳುವ ಬೆಳಕಿನಲ್ಲಿ ಮುಕ್ಕಾಲು ಪಾಲನ್ನು ತಡೆಯುವಂಥದ್ದು. ಯಾವುದೋ ಅಂಗಡಿಯವನು "ಹಸಿರು ಗಿಡಕ್ಕೆ ಹಸಿರು ನೆಟ್ಟೇ ಬೇಕು ಯಜಮಾನ್ರೇ, ತಂಪಾಗಿ ಸೊಪ್ಪು ಡಬಲ್ ಬರ್ತದೆ" ಎಂದು ಹೇಳಿ ಕೊಟ್ಟಿದ್ದ. ಆ ಅಂಗಡಿಯವನನ್ನು ನಾನು ಇವತ್ತಿಗೂ ಹುಡುಕುತ್ತಿದ್ದೇನೆ. ಸಿಕ್ಕರೆ ಅವನಿಗೆ ಆರು ತಿಂಗಳು ಆ ನೆಟ್ಟಿನ ಕೆಳಗೆ ಬರೀ ನೀರು ಕೊಟ್ಟು ಕೂರಿಸಬೇಕು.

ಒಳಗೆ ಕಾಲಿಟ್ಟರೆ ಹಸಿರು ಬಾಟಲಿಯೊಳಗೆ ಇಳಿದಂತೆ. ತಂಪು ಇತ್ತು, ನಿಜ. ಗಿಡ ಆಳೆತ್ತರಕ್ಕೆ ಬೆಳೆದಿತ್ತು, ಬೆಳಕು ಹುಡುಕಿಕೊಂಡು. ಗೆಣ್ಣಿಗೂ ಗೆಣ್ಣಿಗೂ ಗೇಣು ಅಂತರ. ಎಲೆ ಅಂಗೈಗಿಂತ ದೊಡ್ಡದು, ಕಡುಹಸಿರು, ಮಗುವಿನ ಕೆನ್ನೆಯಷ್ಟು ಮೆತ್ತಗೆ. ಮುಷ್ಟಿಯಲ್ಲಿ ಹಿಂಡಿದೆ, ಕೈ ಒದ್ದೆಯಾಯಿತು.

ತಿಪ್ಪಣ್ಣ ಹಿಂದೆಯೇ ಬಂದರು. ಹುಳು ಸತ್ತ ದುಃಖದಲ್ಲೂ ಎಲೆಯ ವಿಷಯಕ್ಕೆ ಮುಖ ಅರಳಿತು. "ಹೆಂಗೈತೆ ನೋಡಮ್ಮ ಹಸಿರು! ನಲವತ್ತು ವರ್ಷ ಬಣ್ಣ ಹಾಕಿದೋನು ನಾನು. ಇಂಥ ಕಡುಹಸಿರು ಹಂಡೇಲಿ ತರಾಕೆ ನಂಗೇ ಆಗ್ತಿರಲಿಲ್ಲ. ಇದನ್ನ ತಿಂದ ಹುಳ ಸಾಯ್ತದಾ? ನೀನೇ ಹೇಳು."

ಇಲ್ಲಿಯೇ ನೋಡಿ ತಪ್ಪಾದದ್ದು. ನೇಕಾರರ ಊರಿನ ಬಣ್ಣಗಾರ ಎಲೆಯನ್ನು ಸೀರೆಯ ಹಾಗೆ ನೋಡಿದ. ಬಣ್ಣ ಗಾಢವಾದರೆ ಮಾಲು ಒಳ್ಳೆಯದು ಎಂದುಕೊಂಡ. ಮನೆಯವರೂ ಅದನ್ನೇ ನಂಬಿದರು. ಊರಿನಲ್ಲಿ ಬಣ್ಣದ ಮಾತಿಗೆ ತಿಪ್ಪಣ್ಣನಿಗಿಂತ ದೊಡ್ಡವರು ಯಾರೂ ಇರಲಿಲ್ಲ.

ಶಾಲೆಯಲ್ಲಿ ದ್ಯುತಿಸಂಶ್ಲೇಷಣೆ ಎಂಬ ನಾಲಿಗೆ ತಿರುಗದ ಪದವನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಐದು ಅಂಕಕ್ಕೆ ಚಿತ್ರ ಬರೆದು ಮರೆತಿದ್ದೇವೆ. ವಿಷಯ ಸರಳ. ಬೇರು ನೀರು ಎಳೆಯುತ್ತದೆ. ಎಲೆಯ ಅಡಿಯ ಸಣ್ಣ ರಂಧ್ರಗಳಿಂದ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಒಳಗೆ ಹೋಗುತ್ತದೆ. ಎಲೆಯಲ್ಲಿರುವ ಹಸಿರು ವಸ್ತು, ಪತ್ರಹರಿತ್ತು, ಬಿಸಿಲನ್ನು ಹಿಡಿಯುತ್ತದೆ. ಆ ಬಿಸಿಲಿನ ಬಲದಿಂದ ನೀರು ಮತ್ತು ಗಾಳಿ ಸೇರಿ ಸಕ್ಕರೆಯಾಗುತ್ತದೆ, ಆಮ್ಲಜನಕ ಹೊರಗೆ ಬೀಳುತ್ತದೆ. ಹೆಚ್ಚಾದ ಸಕ್ಕರೆಯನ್ನು ಎಲೆ ಪಿಷ್ಟ ಮಾಡಿ ಕೂಡಿಡುತ್ತದೆ. ಪ್ರೋಟೀನ್ ಕಟ್ಟಲೂ ಅದೇ ಸಕ್ಕರೆ ಬೇಕು. ಹಸಿರು ಬಣ್ಣ ಆಹಾರವಲ್ಲ, ಆಹಾರ ಮಾಡುವ ಸಲಕರಣೆ. ಬೆಳಕು ಕಡಿಮೆಯಾದಾಗ ಗಿಡ ಇದ್ದಬದ್ದ ಬೆಳಕು ಹಿಡಿಯಲು ಎಲೆಯನ್ನು ಅಗಲ ಮಾಡುತ್ತದೆ, ತೆಳು ಮಾಡುತ್ತದೆ, ಇನ್ನಷ್ಟು ಹಸಿರು ಮಾಡುತ್ತದೆ. ನೋಡಲು ಸೊಗಸು, ಒಳಗೆ ನೀರು. ಇನ್ನು ಆ ಹಸಿರು ನೆಟ್ಟು! ಎಲೆ ನಮಗೆ ಹಸಿರಾಗಿ ಕಾಣುವುದೇ ಹಸಿರು ಬೆಳಕನ್ನು ಅದು ಹೆಚ್ಚು ಬಳಸದೆ ವಾಪಸು ಎಸೆಯುವುದರಿಂದ. ಅದಕ್ಕೆ ಬೇಕಾದದ್ದು ಮುಖ್ಯವಾಗಿ ಕೆಂಪು ಮತ್ತು ನೀಲಿ ಬೆಳಕು. ನೆಟ್ಟು ಅದನ್ನೇ ನುಂಗಿ, ಎಲೆಗೆ ಬೇಡದ್ದನ್ನು ಒಳಗೆ ಬಿಡುತ್ತಿತ್ತು.

ಹುಳುವಿಗೆ ಬಿಸಿಲಿನಲ್ಲಿ ನಿಂತು ಊಟ ಮಾಡಿಕೊಳ್ಳುವ ವಿದ್ಯೆ ಇಲ್ಲ. ನಮಗೂ ಇಲ್ಲ, ದನಕ್ಕೂ ಇಲ್ಲ. ಎಲೆ ಕಟ್ಟಿಟ್ಟ ಸಕ್ಕರೆಯನ್ನು ತಿಂದು, ಉಸಿರಾಟದಲ್ಲಿ ಅದನ್ನು ಒಡೆದು, ಅದರಲ್ಲಿನ ಶಕ್ತಿಯನ್ನು ಪಡೆಯಬೇಕು. ರೇಷ್ಮೆ ಹುಳು ಹುಟ್ಟಿದಾಗಿನ ತೂಕಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಬೆಳೆದು, ಒಂದು ಕಿಲೋಮೀಟರಿನಷ್ಟು ಉದ್ದದ ನೂಲು ಉಗುಳುತ್ತದೆ. ಅಷ್ಟೂ ಎಲೆಯಿಂದಲೇ ಬರಬೇಕು, ಎಲೆಗೆ ಅಷ್ಟೂ ಬಿಸಿಲಿನಿಂದಲೇ ಬರಬೇಕು. ಬಿಸಿಲನ್ನೇ ತಡೆದುಬಿಟ್ಟರೆ? ಹೊಟ್ಟೆ ತುಂಬ ತಿಂದೂ ಹುಳು ಉಪವಾಸ. ಉಪವಾಸವಿದ್ದ ಕರುಳಿಗೆ ರೋಗ ಹತ್ತುವುದಕ್ಕೆ ಯಾರ ಮೈಲಿಗೆಯೂ ಬೇಡ.

ಇಷ್ಟನ್ನೂ ತಿಪ್ಪಣ್ಣನಿಗೆ ಬಾಯಲ್ಲಿ ಹೇಳಿದರೆ ಏನು ಪ್ರಯೋಜನ? ಎರಡು ಎಲೆ ಕಿತ್ತೆ. ಒಂದು ನೆಟ್ಟಿನ ನಡುವಿನದು. ಇನ್ನೊಂದು ಬೋರಿನ ಪಂಪಿನ ಹತ್ತಿರದ ಸಾಲಿನದು, ಅಲ್ಲಿಗೆ ನೆಟ್ಟು ಸಾಕಾಗದೆ ನಾಲ್ಕು ಗಿಡ ಬಿಸಿಲಿನಲ್ಲೇ ಉಳಿದಿದ್ದವು. ಎರಡೂ ಕಡ್ಡಿಯ ತುದಿಯಿಂದ ಎಣಿಸಿದರೆ ಏಳನೇ ಎಲೆ, ಒಂದೇ ವಯಸ್ಸಿನವು. ಗುರುತಿಗೆ ಬಿಸಿಲಿನ ಎಲೆಯ ತೊಟ್ಟಿಗೆ ದಾರ ಕಟ್ಟಿದೆ. ಆಗ ಮಧ್ಯಾಹ್ನ ಮೂರು ಗಂಟೆ, ಎಲೆಯಲ್ಲಿ ಆ ದಿನದ ಪಿಷ್ಟ ತುಂಬಿರುವ ಹೊತ್ತು.

ಮನೆಯಂಗಳದಲ್ಲಿ ಒಲೆ ಹಚ್ಚಿಸಿ ನೀರು ಕುದಿಸಿದೆ. ಎಲೆಗಳನ್ನು ಒಂದು ನಿಮಿಷ ಕುದಿನೀರಿನಲ್ಲಿ ಅದ್ದಿದೆ. ಆಮೇಲೆ ಒಲೆಯನ್ನು ಪೂರ್ತಿ ಆರಿಸಿ, ಸ್ಪಿರಿಟ್ ಹಾಕಿದ ಸ್ಟೀಲ್ ಲೋಟದೊಳಗೆ ಎಲೆ ಇಟ್ಟು, ಆ ಲೋಟವನ್ನು ಬಿಸಿನೀರಿನ ಪಾತ್ರೆಯಲ್ಲಿ ಕೂರಿಸಿದೆ. ಸ್ಪಿರಿಟ್ಟಿಗೆ ಬೆಂಕಿ ತೋರಿಸಬಾರದು, ಭಗ್ ಎನ್ನುತ್ತದೆ. ನೋಡನೋಡುತ್ತಿದ್ದಂತೆ ಸ್ಪಿರಿಟ್ ಹಸಿರಾಯಿತು, ಎಲೆ ಬಿಳಿಚಿಕೊಂಡಿತು. ಗೋಡೆಯಾಚೆಯಿಂದ ನಾಲ್ಕು ತಲೆಗಳು ಇಣುಕಿದವು.

"ಏನು ಮಾಟನಮ್ಮಾ ಇದು!" ಎಂದು ಪಕ್ಕದ ಮನೆಯವಳು ನಕ್ಕಳು. ಮದುವೆಯ ದಿನ ಸೊಪ್ಪು ಹಾಕಲು ಬಾರದೆ ಹೋದವಳು ಇವಳೇ.

"ಮಾಟ ಅಲ್ಲವ್ವ, ನೀನು ಅವತ್ತು ಬಂದಿದ್ರೆ ಇಷ್ಟೆಲ್ಲ ಇರ್ತಿರಲಿಲ್ಲ," ಎಂದೆ. ತಲೆ ಗೋಡೆಯ ಹಿಂದೆ ಇಳಿಯಿತು.

ತಿಪ್ಪಣ್ಣ ಮಾತ್ರ ಕುಕ್ಕರಗಾಲಿನಲ್ಲಿ ಕೂತು, ಲೋಟದೊಳಕ್ಕೇ ನೋಡುತ್ತಿದ್ದರು. "ಇದು ನಮ್ಮ ಕೆಲ್ಸನೇ ಅಲ್ಲೇನಮ್ಮ. ನೂಲಿಗೆ ಬಣ್ಣ ಹಾಕೋಕೆ ಮುಂಚೆ ಸೋಪಿನ ನೀರಾಗೆ ಬೇಯಿಸಿ ಗೋಂದು ತೆಗೀತೀವಲ್ಲ, ಹಂಗೆ. ಈಗ ಒಳಗಿನ ನೂಲು ಕಾಣ್ತೈತೆ."

"ಹೌದು. ಈಗ ಬಣ್ಣ ಹಾಕೋಣ. ಒಳಗೆ ಮಾಲು ಇದ್ರೆ ಬಣ್ಣ ಹಿಡೀತದೆ."

ಎರಡು ತಟ್ಟೆಯಲ್ಲಿ ಎರಡು ಬಿಳಿ ಎಲೆ. ಮೇಲೆ ನೀರು ಬೆರೆಸಿದ ಅಯೋಡಿನ್ ಹನಿ ಹನಿಯಾಗಿ ಬಿಟ್ಟೆ. ಪಿಷ್ಟ ಇದ್ದರೆ ಅಯೋಡಿನ್ ಕಡುನೀಲಿ, ಹತ್ತಿರ ಹತ್ತಿರ ಕಪ್ಪಾಗುತ್ತದೆ. ದಾರ ಕಟ್ಟಿದ ಎಲೆ ನರ ನರವೂ ಕಪ್ಪಾಯಿತು. ನೆಟ್ಟಿನ ಎಲೆ ಕಂದು ಹಳದಿಯಾಗಿಯೇ ಉಳಿಯಿತು, ಅಂಚಿನಲ್ಲಿ ಮಾತ್ರ ಸ್ವಲ್ಪ ಮಸುಕು.

ತಿಪ್ಪಣ್ಣ ನೆಟ್ಟಿನ ಎಲೆಯನ್ನು ಎತ್ತಿ ಬಿಸಿಲಿಗೆ ಹಿಡಿದರು. ತಿರುಗಿಸಿದರು. ಉಗುರಿನಿಂದ ಕೆರೆದರು.

"ಬಣ್ಣ ಹಿಡೀಲಿಲ್ಲ," ಎಂದರು ಕೊನೆಗೆ. "ಒಳಗೆ ಏನೂ ಇಲ್ಲ ಇದ್ರಾಗೆ. ಬರೀ ಮೇಲ್ಬಣ್ಣ." ಎಲೆಯನ್ನು ತಟ್ಟೆಗೆ ಹಾಕಿ, "ಆ ಹುಡುಗಿ ಹೇಳಿದ್ಲು ಕಣಮ್ಮ. ಮಾವ ಸೊಪ್ಪು ಸಪ್ಪೆ ಐತೆ ಅಂತ. ನಿಂಗೇನು ಗೊತ್ತು ಬಣ್ಣ ಅಂದೆ."

ನಾನು ನೋಟ್‌ಬುಕ್ ತೆಗೆದು ದಿನ ದಿನದ್ದನ್ನೂ ಗಟ್ಟಿಯಾಗಿ ಓದಿದೆ, ಗೋಡೆಯಾಚೆಗೂ ಕೇಳುವ ಹಾಗೆ. ಹಿಕ್ಕೆ ಕೆಟ್ಟದ್ದು ಮೊದಲು, ಅವಳು ಹೊರಗಾದದ್ದು ಆಮೇಲೆ. ಮಂಜ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದ.

ಇಷ್ಟಕ್ಕೆ ಕಥೆ ಮುಗಿಯಬೇಕಿತ್ತು ಅಲ್ಲವೇ? ವಿಜ್ಞಾನ ಗೆದ್ದಿತು, ಎಲ್ಲರೂ ಚಪ್ಪಾಳೆ ತಟ್ಟಿದರು ಎಂದು ಬರೆದರೆ ನಿಮಗೂ ಹಿತ. ಓಬಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ಸೊಪ್ಪು ಕೆಟ್ಟಿರ್ಲಿ ಬಿಡು. ಒಪ್ಕಂತೀನಿ. ಆದ್ರೂ ಮೈಲಿಗೆ ಮೈಲಿಗೆನೇ. ಮುಟ್ಟಾದೋಳು ಮುಟ್ಟಿದ್ರೆ ಹುಳ ಉಳಿಯಲ್ಲ. ನಮ್ಮತ್ತೆ ಕಾಲದಿಂದ ನೋಡಿದೀನಿ."

ನನಗೆ ಸಿಟ್ಟು ತಲೆಗೇರಿದ್ದು ಆಗ. ಕಣ್ಣೆದುರು ಎಲೆ ಕಪ್ಪಾಗಿ ಬಿದ್ದಿದೆ, ಇವಳದು ಅದೇ ಮಾತು! ಇಪ್ಪತ್ತನಾಲ್ಕರ ಹುಡುಗಿಯನ್ನು ಚೀಲ ಕೊಟ್ಟು ಬಸ್ಸು ಹತ್ತಿಸಿದ್ದಾಳೆ, ಅವಳ ಹೆಸರನ್ನು ತಳಕಿನ ಅಂಗಡಿ ಕಟ್ಟೆಯವರೆಗೂ ಹರಡಿದ್ದಾಳೆ. ನಾನು? ನಾನು ಅವತ್ತು ಕಾಫಿ ಕುಡಿದು ಎದ್ದುಹೋಗಿದ್ದೆ. ಈಗ ಬಾಯಿ ಬಿಟ್ಟರೆ ನನ್ನ ಗಿರಾಕಿಗಳ ಗತಿ ಏನು ಎಂದು ಒಂದು ಗಳಿಗೆ ಲೆಕ್ಕ ಹಾಕಿದೆ ಕೂಡ. ಸುಳ್ಳು ಯಾಕೆ ಹೇಳಲಿ.

"ಓಬಮ್ಮ, ನಾಲ್ಕು ವರ್ಷದಿಂದ ಹುಳ ಯಾರ ಕೈಯಿಂದ ತಗೊಂಡೆ?"

"ನಿನ್ನ ಕೈಯಿಂದ."

"ನಂಗೂ ಪ್ರತಿ ತಿಂಗಳು ಆಗ್ತದೆ. ಒಂದು ದಿನಾನೂ ನಾನು ಹೊರಗೆ ಕೂತಿಲ್ಲ. ಮೊಟ್ಟೆ ಒಡೆದು ಹುಳ ಕಣ್ಣು ಬಿಟ್ಟಾಗ ಮೊದ್ಲು ಸೊಪ್ಪು ಹಾಕಿದ್ದು ಈ ಕೈಯೇ, ಆ ದಿನಾನೇ ಎಷ್ಟೋ ಸಲ. ಈ ಬ್ಯಾಚೂ ಅಷ್ಟೇ, ತಳಕಿನಲ್ಲಿ ಇದೇ ಬ್ಯಾಚು ಚೆಂದ ಗೂಡು ಕಟ್ಟಿದೆ. ನಿನ್ನ ಮನೇಲಿ ಗೂಡು ಕಟ್ಟಿದ ಒಂದೊಂದು ಹುಳಾನೂ ಮೈಲಿಗೆ ಹುಳನೇ. ಅದರ ನೂಲಲ್ಲಿ ನೇಯ್ದ ಸೀರೆ ಉಟ್ಕೊಂಡೇ ಅಲ್ವಾ ನೀನು ರಾಯದುರ್ಗದ ಮದುವೆಗೆ ಹೋಗಿದ್ದು?"

ಗೋಡೆಯಾಚೆ ಯಾರೋ "ಅಯ್ಯಯ್ಯೋ" ಎಂದರು. ಓಬಮ್ಮ ನನ್ನ ಕೈಯನ್ನೇ ನೋಡಿದಳು, ಮುಖವನ್ನಲ್ಲ. "ಥೂ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಮಾತು ನನಗಿಂತ ಮೊದಲೇ ತಳಕು ಮುಟ್ಟಿತ್ತು. ವಾರದೊಳಗೆ ಫೋನುಗಳು ಶುರುವಾದವು. "ಮುಂದಿನ ಬ್ಯಾಚ್ ಬ್ಯಾಡ ಮೇಡಂ, ಸ್ವಲ್ಪ ತಾಪತ್ರಯ ಐತೆ" ಎಂದರು ಕೆಲವರು. ಒಬ್ಬ ಮಾತ್ರ ನೇರವಾಗಿ, "ನೀವು ಹೇಳ್ಬಾರ್ದಿತ್ತು" ಎಂದ. ಮಾಡಬಾರದಿತ್ತು ಎನ್ನಲಿಲ್ಲ, ಹೇಳಬಾರದಿತ್ತು ಎಂದ. ಇಷ್ಟು ವರ್ಷ ಬಂದ ಬೆಳೆಯ ಬಗ್ಗೆ ಅವನಿಗೆ ತಕರಾರಿಲ್ಲ. ಒಟ್ಟು ಹನ್ನೊಂದು ಮಂದಿ ಬಿಟ್ಟರು. ಮೂವರು ಮಾತ್ರ ಮರಳಿದರು.

ತಿಪ್ಪಣ್ಣ ಮರುದಿನವೇ ನೆಟ್ಟು ಬಿಚ್ಚಿಸಿದರು. ಅದರ ಮರುದಿನ ಮಗನನ್ನು ಕರೆದುಕೊಂಡು ನನ್ನಿವಾಳಕ್ಕೆ ಹೋದರು. ನಾನು ಅಲ್ಲಿರಲಿಲ್ಲ, ರೇಣುಕ ಹೇಳಿದ್ದು ಇದು. ಮಾವ ಅಂಗಳದಲ್ಲಿ ಕೂತು, ಕಾಗದದಲ್ಲಿ ಮಡಚಿ ತಂದಿದ್ದ ಆ ಎರಡು ಎಲೆ ತೆಗೆದು ಅವಳ ಅಪ್ಪನ ಮುಂದೆ ಇಟ್ಟರಂತೆ. "ಬಣ್ಣ ನೋಡಿ ಮೋಸ ಹೋದೆ. ತಪ್ಪು ನಂದು. ಬಾರವ್ವ ಮನೆಗೆ" ಎಂದರಂತೆ. ಇವಳು ಎದ್ದು ಹೊರಡಲಿಲ್ಲ.

"ಮತ್ತೆ ನಂಗೆ ಆ ದಿನ ಬರ್ತದೆ ಮಾವ. ಹುಳ ಹಸ್ಕೊಂಡಿರ್ತಾವೆ. ಸೊಪ್ಪು ಯಾರು ಹಾಕ್ತಾರೆ?"

ತಿಪ್ಪಣ್ಣ ಬಹಳ ಹೊತ್ತು ಕೈಯ ಬಣ್ಣ ಉಜ್ಜುತ್ತ ಕೂತಿದ್ದರಂತೆ, ಅಷ್ಟು ವರ್ಷದಲ್ಲಿ ಹೋಗದ ಬಣ್ಣ ಈಗ ಹೋಗುತ್ತದೆ ಎನ್ನುವಂತೆ. "ನೀನೇ ಹಾಕು" ಎಂದರು. ಆಮೇಲೆ ಇವಳು ಮಂಜನ ಕಡೆ ತಿರುಗಿದಳಂತೆ. "ನೀನೇನಂತೀಯಾ?" ಅವನು ಚೀಲ ಎತ್ತಿಕೊಂಡು, "ಅವ್ವಂಗೆ ನಾ ಹೇಳ್ತೀನಿ" ಎಂದನಂತೆ. ಹೇಳಿದನೋ ಇಲ್ಲವೋ ನನಗೆ ಗೊತ್ತಿಲ್ಲ.

ಕಡ್ಡಿ ಕತ್ತರಿಸಿ ಬಿಸಿಲಿನಲ್ಲಿ ಬೆಳೆದ ಸೊಪ್ಪಿಗೆ ಮುಂದಿನ ಬೆಳೆ ಚೆನ್ನಾಗಿ ಬಂತು. ಅದರ ಶ್ರೇಯಸ್ಸನ್ನು ಓಬಮ್ಮ ಹುಳುಮನೆಯ ಬಾಗಿಲಿಗೆ ಕಟ್ಟಿದ ನಿಂಬೆಹಣ್ಣಿಗೆ ಕೊಟ್ಟಳು. ಸೊಸೆಗೆ ಒಂದು ಒಳ್ಳೆಯ ಮಾತು ಹೇಳಲಿಲ್ಲ. ಬೀದಿಯಲ್ಲಿ ಆಡಿದ ಮಾತನ್ನು ಬೀದಿಯಲ್ಲಿ ನಿಂತು ವಾಪಸು ತೆಗೆದುಕೊಳ್ಳಲಿಲ್ಲ. ಇವತ್ತಿಗೂ ನನಗೆ ಅದರ ಮೇಲೆ ಸಿಟ್ಟಿದೆ.

ಆ ಬೆಳೆಯ ನಂತರ ನಾನು ಒಂದು ಕೆಲಸ ಮಾಡಿದೆ. ಚಾಕಿ ಮನೆಯ ಬಾಗಿಲ ಪಕ್ಕ ದೊಡ್ಡ ಕ್ಯಾಲೆಂಡರ್ ತೂಗುಹಾಕಿದೆ. ಮೊಟ್ಟೆ ಒಡೆದ ದಿನ, ಒಂದನೇ ಜ್ವರ, ಎರಡನೇ ಜ್ವರ, ಟ್ರೇ ಹೊರಟ ದಿನ ಎಲ್ಲವನ್ನೂ ನೀಲಿ ಪೆನ್ನಿನಲ್ಲಿ ಗುರುತಿಸುತ್ತೇವೆ. ಅದೇ ಹಾಳೆಯ ಮೇಲೆ ಕೆಂಪು ಚುಕ್ಕೆಗಳಿವೆ. ಅವು ನನ್ನವು, ಇಬ್ಬರು ಕೆಲಸದವರವು. ಅವರನ್ನು ಕೇಳಿಯೇ ಹಾಕಿದ್ದು. ಒಬ್ಬಳು "ನಮ್ಮತ್ತೆ ಬಂದ ದಿನ ಮಾತ್ರ ತಿರುಗಿಸಿಡಿ ಅಕ್ಕ" ಎಂದಳು. ತಿರುಗಿಸಿಡುತ್ತೇನೆ, ಅವಳ ಮನೆ ಅವಳು ಬಾಳಬೇಕು. ಉಳಿದ ದಿನ ಯಾರು ಬೇಕಾದರೂ ನೋಡಬಹುದು. ತಮ್ಮ ಬೆಳೆಯ ಜೊತೆ ಹೋಲಿಸಿಕೊಳ್ಳಬಹುದು.

ಈ ಕಸುಬು ನನಗೆ ಕಲಿಸಿದ್ದು ಒಂದೇ. ಹುಳು ಸತ್ತರೆ ಯಾರು ಮುಟ್ಟಿದರು ಎಂದು ಕೇಳಬೇಡ, ಅದು ಏನು ತಿಂದಿತು ಎಂದು ಕೇಳು. ತಿಂದದ್ದಕ್ಕೆ ಬಿಸಿಲು ಸಿಕ್ಕಿತ್ತೇ ಎಂದು ಕೇಳು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವರು ಅಲ್ಲಿ ಯಾರಿದ್ದರು ಎಂದೂ ಕೇಳು.

ಹೋದ ತಿಂಗಳು ಟ್ರೇ ಒಯ್ಯಲು ತಿಪ್ಪಣ್ಣನಿಗೆ ಮೈ ಸರಿ ಇಲ್ಲವೆಂದು ಓಬಮ್ಮ ಬಂದಿದ್ದಳು, ಜೊತೆಗೆ ರೇಣುಕ. ಆ ಜಗಳದ ಮೇಲೆ ಓಬಮ್ಮ ನಮ್ಮ ಬಾಗಿಲಿಗೆ ಬಂದದ್ದು ಅದೇ ಮೊದಲು. ಕ್ಯಾಲೆಂಡರ್ ಮುಂದೆ ನಿಂತು, "ಈ ಕೆಂಪು ಯಾವ್ದು?" ಎಂದಳು. ಹೇಳಿದೆ. ಬೆರಳು ಮಡಚಿ ಎಣಿಸಿದಳು. ಅವರ ಹುಳು ಮೊಟ್ಟೆಯೊಡೆದ ದಿನದ ಮೇಲೆಯೇ ಒಂದು ಚುಕ್ಕೆಯಿತ್ತು.

"ಇದು ನಿಂದಾ?"

"ನಂದೇ."

ಓಬಮ್ಮ ಟ್ರೇಯ ಮೇಲಿನ ಕಾಗದ ಸರಿಸಿ ನೋಡಿದಳು. ಹುಳುಗಳು ಜ್ವರ ಎದ್ದು, ಸೊಪ್ಪಿನ ಮೇಲೆ ಸರಬರ ಓಡಾಡುತ್ತಿದ್ದವು. ನಾನು ಕಾದೆ, ಬೇಡ ಎಂದರೆ ಎನ್ನಲಿ ಎಂದುಕೊಂಡು. ಅವಳು ಕಾಗದ ಮುಚ್ಚಿ ಸೊಸೆಯ ಕಡೆ ತಿರುಗಿದಳು.

"ಏನು ನಿಂತ್ಕಂಡು ನೋಡ್ತೀಯಾ? ಹಿಡ್ಕೋ ಆ ಕಡೆ. ಅಲ್ಲಾಡಿಸ್ಬ್ಯಾಡ, ಹಸ್ಕೊಂಡಾವೆ."